ಆರೋಪವಿಲ್ಲದ ಹೇಂಟೆ
ಕೋರ್ಟಿನಿಂದ ನಿವೃತ್ತರಾದ ಗುಮಾಸ್ತರು ಕೋಳಿ ತಿನ್ನುತ್ತಾರೆ, ಆದರೆ ತಪ್ಪು ಮಾಡಿದ ಕೋಳಿಯನ್ನು ಮಾತ್ರ. ಏನೂ ಮಾಡದ ಪ್ರಾಣಿಯನ್ನು ಕೊಂದು ತಿನ್ನುವುದು ಅನ್ಯಾಯವೆಂಬುದು ಅವರ ಖಚಿತ ಅಭಿಪ್ರಾಯ. ಕೋಳಿಯಿಲ್ಲದ ಭಾನುವಾರ ಸಾಧ್ಯವಿಲ್ಲವೆಂಬುದೂ ಅಷ್ಟೇ ಖಚಿತ. ಹಾಗಾಗಿ ವಾರವಾರವೂ ಕೋಳಿಯಂಗಡಿಯ ಪಂಜರದೆದುರು ಕನ್ನಡಕ ಏರಿಸಿ ನಿಂತು, "ಇದರ ಮೇಲೆ ಏನಪ್ಪಾ ಆರೋಪ?" ಎಂದು ಕೇಳುತ್ತಾರೆ. ಅಂಗಡಿಯವನು ಪಳಗಿದ್ದಾನೆ: "ಅಯ್ಯೋ, ಮಹಾ ರೌಡಿ ಸಾರ್ ಇದು. ನಿನ್ನೆ ಒಬ್ಬ ಅಜ್ಜೀನ ಬೀದಿ ತುಂಬ ಓಡಿಸ್ತು." ಗುಮಾಸ್ತರು ನಿಟ್ಟುಸಿರು ಬಿಟ್ಟು ಶಿಕ್ಷೆಗೆ ಒಪ್ಪುತ್ತಾರೆ, ಮಧ್ಯಾಹ್ನ ಎರಡೆರಡು ಸಲ ಬಡಿಸಿಕೊಳ್ಳುತ್ತಾರೆ. "ಬದನೆಕಾಯಿ ಯಾರನ್ನ ಓಡಿಸಿತ್ತು ರೀ?" ಎಂದು ಮರುದಿನ ಪಲ್ಯ ಬಡಿಸುತ್ತ ಹೆಂಡತಿ ಕೆಣಕಿದರೆ ಅವರಿಗೆ ಕಿವಿ ಕೇಳಿಸುವುದಿಲ್ಲ. ಒಂದು ಭಾನುವಾರ ವ್ಯಾಪಾರಕ್ಕೆ ಕೂತಿದ್ದ ಅಂಗಡಿಯವನ ತಾಯಿ, ಈ ಪದ್ಧತಿ ಗೊತ್ತಿಲ್ಲದೆ, ಬಿಳಿ ಹೇಂಟೆಯೊಂದನ್ನು ಎತ್ತಿ ತೋರಿಸಿ, "ಪಾಪದ್ದು ಕಣಪ್ಪ, ಯಾರ ತಂಟೆಗೂ ಹೋಗಲ್ಲ" ಎಂದುಬಿಟ್ಟರು. ನಿರಪರಾಧಿಯನ್ನು ಅಲ್ಲಿ ಬಿಟ್ಟು ಬರಲು ಮನಸ್ಸಾಗದೆ ಗುಮಾಸ್ತರು ಅದನ್ನು ಜೀವಂತ ಮನೆಗೆ ತಂದರು. ತಪ್ಪು ಮಾಡಿದ ದಿನವೇ ಒಲೆಗೆ ಎಂದು ಹೆಂಡತಿಗೆ ಮಾತು ಕೊಟ್ಟರು. ಆರು ತಿಂಗಳಿಂದ ಆಕೆ ದಿನವೂ ಸಂಜೆ, "ಇವತ್ತೇನಾದ್ರೂ ಮಾಡ್ತಾ?" ಎಂದು ವಿಚಾರಿಸುತ್ತಾರೆ. ಮೂರು ಕಡೆ ಕುಕ್ಕಿಸಿಕೊಂಡ ಕೈಗೆ ಟವೆಲ್ ಸುತ್ತಿಕೊಳ್ಳುತ್ತ ಗುಮಾಸ್ತರು, "ಇಲ್ಲ ಕಣೇ, ಇದು ಗುಲಾಬಿ ಮುಳ್ಳು" ಎನ್ನುತ್ತಾರೆ. ಹಿತ್ತಿಲಲ್ಲಿ ಗುಲಾಬಿ ಗಿಡವೇ ಇಲ್ಲವೆಂಬುದು ಇಬ್ಬರಿಗೂ ಗೊತ್ತು.