ಹನ್ನೊಂದು ತಿಥಿ ಪುಸ್ತಕಗಳು

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಬರುವವರಿಗೆ ಕರ್ಮ ಮಾಡಿಸುವುದು ಜಯರಾಮಯ್ಯನವರ ಮನೆತನದ ವೃತ್ತಿ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಯಾವ ಕಡೆಯಿಂದ ಬಂದವರಾದರೂ ಸರಿ, ಸತ್ತವರ ಹೆಸರು, ಊರು, ಮಾಸ, ಪಕ್ಷ, ತಿಥಿ ಇಷ್ಟನ್ನೂ ಅವರ ತಂದೆ ಉದ್ದನೆಯ ಪುಸ್ತಕವೊಂದರಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ತಂದೆಯ ನಂತರ ಇವರು ಬರೆದರು. ಬಂದವರು ನೆನಪಿಟ್ಟುಕೊಳ್ಳುವ ಗೋಜಿಗೆ ಹೋಗುತ್ತಿರಲಿಲ್ಲ. ಮರೆತರೆ ಅಯ್ಯನವರನ್ನು ಕೇಳಿದರಾಯಿತು. ಅರವತ್ತು ವರ್ಷಗಳಲ್ಲಿ ಹನ್ನೊಂದು ಪುಸ್ತಕಗಳು ತುಂಬಿದವು. ಎರಡು ಸಾವಿರಕ್ಕೆ ಮೇಲ್ಪಟ್ಟ ಹೆಸರುಗಳು.

ಪುಸ್ತಕಗಳಿಗೆ ಹುಳು ಬಿದ್ದಾಗ ಮಗಳು ಸುಮೇಧಾ ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಕುಳಿತಳು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಮದುವೆ ಕಾಗದ, ಅರ್ಜಿಗಳನ್ನು ಟೈಪು ಮಾಡಿಕೊಡುತ್ತಿದ್ದಳು. ಬಿಡುವಾದಾಗಲೆಲ್ಲ ಕುಳಿತು ಹದಿನಾಲ್ಕು ತಿಂಗಳಲ್ಲಿ ಮುಗಿಸಿದಳು. ಒಂದು ಸಲ ತಾಳೆ ನೋಡುವವರೆಗೆ ತಡೆಯಿರಿ ಎಂದು ತಂದೆಗೆ ಹೇಳಿದ್ದಳು. ಜಯರಾಮಯ್ಯ ತಡೆಯಲಿಲ್ಲ. ಸತ್ತವರ ಹೆಸರು ಎರಡೆರಡು ಕಡೆ ಇರುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಜೀರ್ಣವಾದ ಮಂತ್ರದ ಪುಸ್ತಕವನ್ನು ಒಲೆಗೆ ಹಾಕುವಂತಿಲ್ಲ, ಕಸಕ್ಕೆ ಎಸೆಯುವಂತಿಲ್ಲ, ಹರಿಯುವ ನೀರಿಗೇ ಬಿಡಬೇಕು. ಇವನ್ನೂ ಹಾಗೆಯೇ ಕಳಿಸಬೇಕೆಂದು ಅವರಿಗೆ ತೋರಿತು. ಹನ್ನೊಂದು ಪುಸ್ತಕಗಳಿಗೂ ಅರಿಶಿನ ಕುಂಕುಮ ಇಟ್ಟು, ಬಿಳಿ ಪಂಚೆಯಲ್ಲಿ ಕಟ್ಟಿ, ಸೊಂಟದ ಮಟ್ಟದ ನೀರಿಗಿಳಿದು ಕಾವೇರಿಯಲ್ಲಿ ಬಿಟ್ಟು ಬಂದರು. ಅದು 1997ರ ಮಾತು.

ಮರು ವರ್ಷದ ಆಷಾಢದಲ್ಲಿ ಕಂಪ್ಯೂಟರಿನ ಒಳಗಿನಿಂದ ಗಡಿಯಾರ ತಡವರಿಸಿದಂಥ ಸದ್ದು ಬಂದು, ಪರದೆ ಕಪ್ಪಾಯಿತು. ಸುಮೇಧಾ ಫ್ಲಾಪಿಗಳಲ್ಲಿ ತೆಗೆದಿಟ್ಟಿದ್ದ ಪ್ರತಿ ಮೊದಲ ಎರಡು ಪುಸ್ತಕಗಳದ್ದು ಮಾತ್ರ. ಅವೂ ಬೂಷ್ಟು ಹಿಡಿದು ತೆರೆಯಲಿಲ್ಲ. ಅವಳು ಹಾರ್ಡ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಮೈಸೂರಿನಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಸಿದ್ದರಾಜುವಿನ ಬಳಿಗೆ ಹೋದಳು. "ಬದುಕ್ಸಾಕಾಗಕಿಲ್ಲ ಮೇಡಮ್ಮು. ಒಳಗಿರೋದ್ನ ಎಷ್ಟಾಯ್ತದೋ ಅಷ್ಟು ಬಾಚ್ಕೊಡ್ತೀನಿ," ಎಂದ ಸಿದ್ದರಾಜು.

ಎರಡು ತಿಂಗಳು ಜಯರಾಮಯ್ಯ ಎಂದಿನಂತೆ ಸ್ನಾನ ಮಾಡಿದರು, ಸಂಧ್ಯಾವಂದನೆ ಮಾಡಿದರು, ಬಂದವರಿಗೆ ಕರ್ಮ ಮಾಡಿಸಿದರು. ದುಃಖವೆನ್ನುವುದಕ್ಕೂ ಏನೂ ಇರಲಿಲ್ಲ. ಬಹಳ ಹೊತ್ತು ಮಡಿಸಿ ಕುಳಿತ ಕಾಲು ತನ್ನದಲ್ಲವೆನ್ನಿಸುವ ಹಾಗೆ ದಿನಗಳು ಇದ್ದವು. ಮಗಳು ಬೈದಿದ್ದರೆ ಒಳ್ಳೆಯದಿತ್ತೇನೋ. ಅವಳು ಬೈಯಲಿಲ್ಲ.

ಭಾದ್ರಪದದಲ್ಲಿ ಕಡತ ಹೊಸ ಡಿಸ್ಕಿನಲ್ಲಿ ಬಂತು. ಹೆಸರು, ಊರು, ತಿಥಿ, ಎಲ್ಲವೂ ಸಾಲುಸಾಲಾಗಿ ಇದ್ದವು. "ಅಪ್ಪ, ಎಲ್ಲ ಬಂದಿದೆ," ಎಂದಳು ಸುಮೇಧಾ. ಜಯರಾಮಯ್ಯ ಕನ್ನಡಕ ಹಾಕಿಕೊಂಡು ಮೊದಲು ತಮ್ಮ ತಂದೆಯ ಹೆಸರನ್ನು ನೋಡಿದರು. ಜ್ಯೇಷ್ಠ ಶುದ್ಧ ದಶಮಿ ಇರಬೇಕಾದಲ್ಲಿ ಭಾದ್ರಪದ ಇತ್ತು. ದಶಮಿ ಮೂರು ಸಾಲು ಕೆಳಗೆ, ಸಿಂಧಘಟ್ಟದ ಯಾರದೋ ಹೆಸರಿನ ಮುಂದೆ ಕುಳಿತಿತ್ತು. ಹಾಗಾದರೆ ಎಲ್ಲವನ್ನೂ ಮೂರು ಸಾಲು ಮೇಲಕ್ಕೆ ಸರಿಸಿದರಾಯಿತು ಎಂದಳು ಮಗಳು. ಅವರು ಹೆಂಡತಿ ಇಂದಿರಳ ಹೆಸರು ಹುಡುಕಿಸಿದರು. ನಾಲ್ಕು ವರ್ಷದ ಹಿಂದೆ ಮಾಘ ಬಹುಳ ಬಿದಿಗೆಯಂದು ಹೋದವಳು. ಬಿದಿಗೆ ಒಂಬತ್ತು ಸಾಲು ಮೇಲಿತ್ತು. ಎಲ್ಲೆಲ್ಲಿ ಎಷ್ಟೆಷ್ಟು ಜಾರಿದೆಯೆಂದು ತಿಳಿಯುವ ದಾರಿಯಿರಲಿಲ್ಲ. ನೋಡುವವರ ಕಣ್ಣಿಗೆ ಮಾತ್ರ ಕಡತದಲ್ಲಿ ಯಾವ ಕುಂದೂ ಇರಲಿಲ್ಲ.

ದಸರಾ ಕಳೆದ ವಾರ ಚಿನಕುರಳಿಯಿಂದ ಪುಟ್ಟಗೌರಮ್ಮ ಬಂದರು. ಅವರ ಗಂಡನ ಅಸ್ಥಿಯನ್ನು ಬಿಡಿಸಿದ್ದು ಜಯರಾಮಯ್ಯನವರೇ. ಇಷ್ಟು ವರ್ಷ ಪಿತೃಪಕ್ಷದಲ್ಲಿ ಹಿರಿಯರಿಗೆಲ್ಲ ಒಟ್ಟಿಗೆ ಎಡೆಯಿಟ್ಟು ಮುಗಿಸುತ್ತಿದ್ದವರು, ಮಗ ಸಂತೋಷ್‌ನ ಮದುವೆಗೆ ಮುಂಚೆ ಈ ಸಲ ಗಂಡನ ತಿಥಿಯನ್ನು ಅದರ ದಿನದಲ್ಲೇ ಮಾಡಬೇಕೆಂದಿದ್ದರು. ಯಾವ ದಿನವೆಂದು ಕೇಳಲು ಬಂದಿದ್ದರು.

ಸುಮೇಧಾ ಹೆಸರು ಹುಡುಕಿದಳು. ಪರದೆಯ ಮೇಲೆ ಕಾರ್ತಿಕ ಶುದ್ಧ ಪಂಚಮಿ ಎಂದಿತ್ತು. ಅವಳು ತಂದೆಯ ಮುಖ ನೋಡಿದಳು. ಪಂಚಮಿ ಎಂದು ಹೇಳಿಬಿಟ್ಟರೆ ಪುಟ್ಟಗೌರಮ್ಮ ಕೈಮುಗಿದು ಬಸ್ಸು ಹತ್ತುತ್ತಿದ್ದರು. ಇನ್ನು ಮುಂದೆ ಬರುವವರಿಗೂ ಹಾಗೆಯೇ ಹೇಳಬಹುದಿತ್ತು. ತಪ್ಪೆಂದು ಕೇಳುವವರು ಯಾರೂ ಇರಲಿಲ್ಲ.

"ನನಗೆ ಗೊತ್ತಿಲ್ಲ ಪುಟ್ಟಗೌರಮ್ಮ," ಎಂದರು ಜಯರಾಮಯ್ಯ. "ಬರೆದಿಟ್ಟಿದ್ದ ಪುಸ್ತಕಾನ ನಾನೇ ಹೊಳೆಗೆ ಬಿಟ್ಟೆ. ಇದರಲ್ಲಿರೋದು ಸುಳ್ಳು."

ಪುಟ್ಟಗೌರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನೀವೇ ಇಂಗಂದ್ರೆ ಎಂಗೆ ಅಯ್ನೋರೆ," ಎಂದರು.

ಆ ದಿನದ್ದು ಏನಾದರೂ ನೆನಪಿದೆಯೇ ಎಂದು ಜಯರಾಮಯ್ಯ ಕೇಳಿದರು. ಅವರೆಕಾಯಿಯ ಕಾಲ ಎಂದರು ಪುಟ್ಟಗೌರಮ್ಮ. ಸಂತೋಷ್‌ಗೆ ಆಗ ಆರು ವರ್ಷ, ಈಗ ಇಪ್ಪತ್ತೈದು. ಸೂತಕ ಕಳೆಯದೆ ಆ ಸಂಕ್ರಾಂತಿಗೆ ಮನೆಯಲ್ಲಿ ಎಳ್ಳು ಬೀರಿರಲಿಲ್ಲ. "ಒತ್ತಾರೆ ಆಲು ಕರೀತಾ ಕೂತಿದ್ದೆ. ಒಳಗಿಂದ ಕೂಗುದ್ರು. ಎದ್ದು ಓಡ್ಬಂದೆ. ಅಂಗಳದಲ್ಲಿ ನೆತ್ತಿ ನೇರಕ್ಕೆ ಚಂದ್ರ ಇತ್ತು, ಅರ್ಧ ಮುರುದಂಗೆ. ಅದೊಂದು ಕಣ್ಗೆ ಕಟ್ಕಂಡದೆ."

ಶುದ್ಧ ಪಂಚಮಿಯ ಚಂದ್ರ ಮುಂಜಾನೆ ಕಾಣುವುದಿಲ್ಲ, ಅರ್ಧ ಚಂದ್ರ ಆ ಹೊತ್ತಿಗೆ ನೆತ್ತಿಯ ಮೇಲಿರುವುದು ಬಹುಳದಲ್ಲಿ. ಜಯರಾಮಯ್ಯ ಅಟ್ಟದಿಂದ ಆ ವರ್ಷದ, ಸಿದ್ಧಾರ್ಥಿ ಸಂವತ್ಸರದ ಪಂಚಾಂಗ ಇಳಿಸಿ, ಸಂಕ್ರಾಂತಿಯಿಂದ ಹಿಂದಕ್ಕೆ ಬೆರಳಿಟ್ಟು ಎಣಿಸಿದರು. ಪುಷ್ಯ ಬಹುಳ ಅಷ್ಟಮಿಗೆ ಎಲ್ಲವೂ ಹೊಂದಿತು. ಒಂದು ದಿನ ಆಚೀಚೆ ಇದ್ದರೂ ಇರಬಹುದೆಂದು ಹೇಳಿದರು.

"ಒಂದಿನಕ್ಕೆಲ್ಲ ಮುನುಸ್ಕೊಳ್ಳೋರಲ್ಲ ಬುಡಿ. ಇದ್ದಾಗ್ಲೂ ಊಟಕ್ಕೆ ಒತ್ಗೆ ಸರ್ಯಾಗಿ ಬಂದೋರಲ್ಲ," ಎಂದರು ಪುಟ್ಟಗೌರಮ್ಮ.

ಅವರು ಹೋದ ಮೇಲೆ ಜಯರಾಮಯ್ಯ ತಿಥಿಯ ಕಾಲಮನ್ನು ಪೂರ್ತಿ ಅಳಿಸುವಂತೆ ಮಗಳಿಗೆ ಹೇಳಿದರು. ಅರ್ಧದಷ್ಟಾದರೂ ಸರಿಯಿರಬಹುದಲ್ಲ ಎಂದಳು ಅವಳು. ಯಾವ ಅರ್ಧ ಎಂದು ಅವರು ಕೇಳಿದರು. ಅವಳು ಅಳಿಸಿದಳು. ಹೆಸರುಗಳೂ ಊರುಗಳೂ ಉಳಿದವು. ಅವನ್ನು ಊರಿನ ಕ್ರಮದಲ್ಲಿ ಮುದ್ರಿಸಿಕೊಟ್ಟಳು.

ಸೋಮವಾರ ಅವರು ಕೆ.ಆರ್. ಪೇಟೆಯ ಬಸ್ಸು ಹತ್ತಿ ಬೂಕನಕೆರೆಯಲ್ಲಿ ಇಳಿದರು. ಪಟ್ಟಿಯ ಮೊದಲ ಮನೆ ಕೆಂಪಣ್ಣನದು. ಅವನು ಹಸುವಿಗೆ ಹುಲ್ಲು ಹಾಕುತ್ತಿದ್ದ. ಜಯರಾಮಯ್ಯ ಚಪ್ಪಲಿ ಬಿಟ್ಟು ಜಗಲಿಯ ಕೆಳಗೇ ನಿಂತರು.

"ನಿಮ್ಮಪ್ಪ ತೀರಿಕೊಂಡ ದಿನಾನ ನಾನು ಕಳೆದುಬಿಟ್ಟಿದ್ದೀನಿ ಕೆಂಪಣ್ಣ," ಎಂದರು.

ಕೆಂಪಣ್ಣನಿಗೆ ತಟ್ಟನೆ ಅರ್ಥವಾಗಲಿಲ್ಲ. ಕೈಯಲ್ಲಿದ್ದ ಹುಲ್ಲನ್ನು ಗೊಂತಿಗೆ ಹಾಕಿ, ಜಗಲಿಯ ಮೇಲೆ ಚಾಪೆ ಬಿಡಿಸಿ, ಕೂತುಕೊಳ್ಳಲು ಹೇಳಿ, ತಾಯಿಯನ್ನು ಕರೆಯಲು ಒಳಗೆ ಹೋದ.