ಮಡಿಕೆ ಭಾಷೆಗೊಬ್ಬ ದಲ್ಲಾಳಿ

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮಡಿಕೆ ಅಕ್ಕ ಎಂದೇ ಕರೆಯುತ್ತಿದ್ದರು. ಎಲ್ಲಿ ಕೊಯ್ಯಬೇಕು, ಎಲ್ಲಿ ಮಡಿಸಬೇಕು ಎಂದು ಕಟಿಂಗ್ ಮೆಷಿನ್ನಿಗೆ ಹೇಳಲು ಹದಿನೆಂಟು ವರ್ಷದ ಹಿಂದೆ ಅವಳೊಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಿ, ಅದಕ್ಕೆ ಮಡಿಕೆ ಎಂದು ಹೆಸರಿಟ್ಟಿದ್ದಳು. ಜಗತ್ತಿನಲ್ಲಿ ಅದನ್ನು ಬಲ್ಲವರು ನಾಲ್ಕು ಜನ. ಅವರಲ್ಲಿ ಇಬ್ಬರು ನಿವೃತ್ತರು. ಮೂರನೆಯವನು ಬಲ್ಲೆ ಎಂದು ಹೇಳಿಕೊಳ್ಳುತ್ತಿದ್ದ, ಅಷ್ಟೆ.

ಸರಕು ಚೊಕ್ಕವಾಗಿತ್ತು, ಅಂಗಡಿ ಇಟ್ಟ ಜಾಗ ಸರಿಯಿರಲಿಲ್ಲ. ಮಡಿಕೆಯಲ್ಲಿ ಬರೆಯಬೇಕೆಂದರೆ ಪ್ಯಾಕಿಂಗ್ ಕೋಣೆಯ ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿಗೇ ಹೋಗಬೇಕು. ಅದರ ಕೀಬೋರ್ಡಿನ ತುಂಬ ಅಂಟಿನ ಕಲೆ, ಎದುರಿಗೆ ಬೂದು ಪರದೆ. ಹೊಸದಾಗಿ ಸೇರಿದ್ದ ಡಿಸೈನರಮ್ಮ, ಎರಡು ಮಕ್ಕಳ ತಾಯಿ, ಪ್ರೋಗ್ರಾಮು ಬರೆಯಲು ಲೋಕವೆಲ್ಲ ಬಳಸುವ ಎಡಿಟರ್ ಎಂಬ ಸಾಫ್ಟ್‌ವೇರಿನಲ್ಲಿ ಅದನ್ನು ತೆರೆದು ನೋಡಿದಳು. ಬಣ್ಣವಿಲ್ಲ, ಸೂಚನೆಯಿಲ್ಲ, ಯಾರದೋ ಮನೆಯ ಹಳೇ ಕಾಗದ ಓದಿದ ಹಾಗಿತ್ತು.

ಮಾಲೀಕರು ಅಕ್ಕನನ್ನು ಕರೆಸಿದರು. "ನೋಡಮ್ಮ, ನಿನ್ನ ಭಾಷೆ ಚೆನ್ನಾಗೇ ಇದೆ. ನೀನು ರಜೆ ಹಾಕಿದ ದಿನ ಮಾತ್ರ ಅದಕ್ಕೆ ಬಾಯಿ ಕಟ್ಟುತ್ತೆ. ತಿಂಗಳ ಕೊನೆಗೆ ಆ ಹೊಸ ಡಿಸೈನರಮ್ಮ ನಿನ್ನನ್ನ ಒಂದು ಮಾತೂ ಕೇಳದೆ ಪೆಟ್ಟಿಗೆ ಮಾಡಬೇಕು. ಇಲ್ಲಾಂದ್ರೆ ರೆಡಿಮೇಡ್ ಸಾಫ್ಟ್‌ವೇರ್ ತರಿಸಿ, ನಿನ್ನ ಮಡಿಕೆಯನ್ನ ಮಡಿಚಿ ಇಡ್ತೀನಿ."

"ಆಗಲಿ ಸಾರ್," ಎಂದು ಅಕ್ಕ ಹೊರಗೆ ಬಂದಳು. ಮುಖ ಹುಳ್ಳಗಾಗಿತ್ತು.

ಗಿರಾಕಿ ಬರದಿದ್ದರೆ ಅಂಗಡಿಯೇ ಸಂತೆಗೆ ಹೋಗಬೇಕು. ಅಕ್ಕ ಎಡಿಟರಿಗೂ ಮಡಿಕೆಗೂ ನಡುವೆ ಒಬ್ಬ ದಲ್ಲಾಳಿಯನ್ನು ನಿಲ್ಲಿಸಿದಳು. ಅಂದರೆ ಸರ್ವರ್ ಎನ್ನುವ ಒಂದು ಸಣ್ಣ ಪ್ರೋಗ್ರಾಮು. ಈ ಸಾಲು ಸರಿಯೋ ತಪ್ಪೋ ಎಂದು ಎಡಿಟರ್ ಕೇಳುತ್ತದೆ, ದಲ್ಲಾಳಿ ಮಡಿಕೆಯನ್ನು ವಿಚಾರಿಸಿ ಉತ್ತರ ತಂದುಕೊಡುತ್ತಾನೆ. ನಾಳೆ ಬೇರೆ ಎಡಿಟರ್ ಬಂದರೂ ಅವನೇ ಸಾಕು. ಕಮಿಷನ್ ಕೇಳದ ದಲ್ಲಾಳಿಯನ್ನು ಲೋಕ ಕಂಡದ್ದು ಅದೇ ಮೊದಲಿರಬೇಕು. ಎರಡು ವಾರದಲ್ಲಿ ಪದಗಳಿಗೆ ಬಣ್ಣ ಬಂತು, ತಪ್ಪಿನ ಕೆಳಗೆ ಕೆಂಪು ಗೀಟು ಬಂತು, ಪದದ ಮೇಲೆ ಮೌಸ್ ಇಟ್ಟರೆ ವಿವರಣೆ ತೆರೆದುಕೊಂಡಿತು.

ಎಡವಟ್ಟಾದದ್ದು ಆ ವಿವರಣೆಯಲ್ಲೇ. ಮಾತಿನಲ್ಲಿ ಮೆಣಸಿನಕಾಯಿಯಂಥ ಅಕ್ಕ, ಬರೆಯಲು ಕೂತರೆ ಸರ್ಕಾರಿ ಸುತ್ತೋಲೆ. 'ಮುಖ: ಹಾಳೆಯ ಅಭಿಮುಖ ಪಾರ್ಶ್ವವನ್ನು ನಿರ್ದೇಶಿಸತಕ್ಕದ್ದು.' ಡಿಸೈನರಮ್ಮ ಮೂರು ಸಲ ಓದಿದಳು, ಕೇಳಲು ಸಂಕೋಚಪಟ್ಟಳು, ಮುಖದ ಮುಂದೆ 'ಒಳಮೈ' ಎಂದು ಬರೆದು ನಲವತ್ತು ಪೆಟ್ಟಿಗೆ ಕತ್ತರಿಸಿಬಿಟ್ಟಳು. ಭಾಷೆಯ ಪ್ರಕಾರ ಅದು ತಪ್ಪಲ್ಲ, ಹಾಗಾಗಿ ಕೆಂಪು ಗೀಟೂ ಬೀಳಲಿಲ್ಲ. ನಲವತ್ತರಲ್ಲೂ ಗಿರಾಕಿಯ ಹೆಸರು ಒಳಗಡೆ.

ಮಾಲೀಕರು ಒಂದನ್ನೆತ್ತಿ ಒಳಗೆ ಇಣುಕಿದರು. "ಏನಮ್ಮ, ಪೆಟ್ಟಿಗೆಗೆ ನಾಚಿಕೆನಾ?"

ಆ ಸಂಜೆ ಅಕ್ಕನ ಗಂಡ, ಬಟ್ಟೆ ಹೊಲಿಯುವವನು, ಪ್ಯಾಂಟಿನ ಅಂಚು ಮಡಿಸುತ್ತಲೇ ಅವಳ ವಿವರಣೆಗಳನ್ನು ಓದಿದ.

"ಇದನ್ನ ಬರೆದಿದ್ದು ಯಾರು?"

"ನಾನೇ ರೀ."

"ಸುಳ್ಳು. ನೀನು ಹೀಗೆ ಮಾತಾಡಿದ್ದಿದ್ರೆ ನಾನು ಈ ಜನ್ಮದಲ್ಲಿ ಒಂದು ತಪ್ಪೂ ತಿದ್ಕೋತಿರಲಿಲ್ಲ. ನನಗೆ ಬೈತೀಯಲ್ಲ, ಹಾಗೆ ಬರಿ ಕಣೇ."

"ತಿದ್ಕೊಂಡಿರೋದು ಯಾವುದು ಅಂತ ಸ್ವಲ್ಪ ತೋರಿಸಿ ನೋಡೋಣ," ಎಂದಳು ಅಕ್ಕ. ಆದರೆ ಮರುದಿನವೇ ಎಲ್ಲ ಅಳಿಸಿ ಹೊಸದಾಗಿ ಬರೆದಳು.

'ಮುಖ: ಗಿರಾಕಿ ದುಡ್ಡು ಕೊಡೋದು ತನ್ನ ಹೆಸರು ಹೊರಗೆ ಕಾಣಲಿ ಅಂತ. ಒಳಮೈ ಅಂತ ಹಾಕಿದ್ರೆ ಅದನ್ನ ಓದೋದು ಜಿರಳೆ ಮಾತ್ರ.'

'ಅಂಟುಪಟ್ಟಿ: ಮರೆತರೆ ಪೆಟ್ಟಿಗೆ ಆಗಲ್ಲ, ಚಾಪೆ ಆಗುತ್ತೆ. ಚಾಪೆಗೆ ಆರ್ಡರ್ ಬಂದಿಲ್ಲ.'

'ತಿರುಗು: ಎಡಕ್ಕೋ ಬಲಕ್ಕೋ ಹೇಳು. ಹೇಳದಿದ್ರೆ ಮೆಷಿನ್ ತೋಚಿದ ಕಡೆ ಹೋಗುತ್ತೆ, ನಮ್ಮನೆಯವರ ಹಾಗೆ.'

ತಿಂಗಳ ಕೊನೆಯ ದಿನ ಗೋಡೆ ಗಡಿಯಾರದ ಪೆಟ್ಟಿಗೆಗೆ ಆರ್ಡರ್ ಬಂತು. ಡಿಸೈನರಮ್ಮ ಕಂಪ್ಯೂಟರ್ ಮುಂದೆ; ಅಕ್ಕ ಮೆಷಿನ್ ಪಕ್ಕದ ಸ್ಟೂಲಿನ ಮೇಲೆ, ತುಟಿ ಬಿಚ್ಚಕೂಡದೆಂಬ ಕಟ್ಟಪ್ಪಣೆಯ ಜೊತೆ. ಹತ್ತು ನಿಮಿಷಕ್ಕೇ ಅವಳಿಗೆ ಮೈ ಪರಚಿಕೊಳ್ಳುವ ಹಾಗಾಯಿತು. ಅಷ್ಟರಲ್ಲಿ ಡಿಸೈನರಮ್ಮ ಕಿಸಕ್ಕನೆ ನಕ್ಕಳು. ಮಾಲೀಕರು ಬಂದು ಪರದೆಗೆ ಬಗ್ಗಿದರು.

"ಕಂಪನಿ ಕೆಲಸದಲ್ಲಿ ಗಂಡನ್ನ ಯಾಕಮ್ಮ ಎಳೆದು ತಂದಿದ್ದಾಳೆ ಇವಳು?"

"ಇರ್ಲಿ ಬಿಡಿ ಸಾರ್," ಎಂದಳು ಡಿಸೈನರಮ್ಮ. "ನಮ್ಮನೆಯವರೂ ಹಾಗೇನೆ. ಎಡ ಅಂತ ಹಾಕಿದೀನಿ ನೋಡಿ."

ಮೆಷಿನ್ ಓಡಿತು. ಮೊದಲ ಹಾಳೆ ಹೊರಬಂತು, ಮಡಿಸಿದರೆ ನೆಟ್ಟಗೆ ನಿಂತಿತು, ಗಡಿಯಾರ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಹೆಸರು ಹೊರಗಿತ್ತು. ಮಾಲೀಕರು ಹುಳುಕು ಹುಡುಕುತ್ತ ಅದನ್ನು ಮೂರು ಸಲ ತಿರುವಿ ಹಾಕಿದರು. ಸಿಗದಿದ್ದಾಗ ಫೋನ್ ತೆಗೆದರು.

"ನಿಮ್ಮ ಸಾಫ್ಟ್‌ವೇರ್ ಬೇಡಪ್ಪ... ಇಲ್ಲ ಇಲ್ಲ, ರೇಟಿನ ಮಾತಲ್ಲ. ನಿಮ್ಮದೂ ಚೆನ್ನಾಗೇ ಇದೆ. ಆದರೆ ಅದು ಬೈಯಲ್ಲ ನೋಡಿ."

ಒಂದೂವರೆ ಗಂಟೆ ಹೊಲಿದಿಟ್ಟಿದ್ದ ಅಕ್ಕನ ಬಾಯಿ ಆಗ ಬಿಚ್ಚಿತು. ಊಟದ ಗಂಟೆ ಹೊಡೆದರೂ ಮುಚ್ಚಲಿಲ್ಲ.