ಬಾಯಿ ಕಟ್ಟಿಸಿದವರ ಎಣ್ಣೆ

ಬಸುರಿಯ ಬಾಯಿ ಮೂಸಿ ನೋಡುವ ಅತ್ತೆಯನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನು ಕಂಡಿದ್ದೇನೆ. ಜೋಗುಪಾಳ್ಯದ ನಮ್ಮ ಎರಡು ಕೋಣೆಯ ಮನೆಯಲ್ಲಿ, ನನಗೆ ಮೂರು ತಿಂಗಳು ತುಂಬಿದಾಗಿನಿಂದ ಹೆರಿಗೆಯವರೆಗೂ ಅದು ನಡೆಯಿತು. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನೀರು ಕೊಡುವ ನೆಪದಲ್ಲಿ ಹತ್ತಿರ ಬಂದು ಉಸಿರೆಳೆದುಕೊಳ್ಳುತ್ತಿದ್ದರು. ಕಡಲೆಕಾಯಿ ತಿಂದಿದ್ದೇನೋ ಏನೋ ಎಂಬ ತನಿಖೆ. ಬಸುರಿನ ವಾಕರಿಕೆ ನಾಲ್ಕನೇ ತಿಂಗಳಿಗೆ ನಿಂತಿತು, ಆ ಮೂಗಿನ ವಾಕರಿಕೆ ನಿಲ್ಲಲಿಲ್ಲ.

ಅವರ ಮಗಳ ಮಗುವಿಗೆ ಕಡಲೆಕಾಯಿ ಆಗಿಬರುತ್ತಿರಲಿಲ್ಲ. ಚಿಕ್ಕಿಯ ಚೂರು ತಿಂದು ಮುಖ ಊದಿಸಿಕೊಂಡು ಆಸ್ಪತ್ರೆ ಸೇರಿತ್ತು. ಮಗಳು ಬಸುರಿಯಾಗಿದ್ದಾಗ ಬಾಯಿ ಕಟ್ಟಲಿಲ್ಲ, ಅದಕ್ಕೇ ಹೀಗಾಯಿತು ಎಂದು ಅತ್ತೆ ತೀರ್ಪು ಕೊಟ್ಟುಬಿಟ್ಟಿದ್ದರು. ಹಾಗಾಗಿ ನನಗೆ ಕಡಲೆಕಾಯಿ, ಮೊಟ್ಟೆ, ಮೀನು ಎಲ್ಲ ಬಂದ್. ಅಮ್ಮನ ಮಾತಿಗೆ ತಲೆಯಾಡಿಸಿದ ನನ್ನ ಗಂಡ ಮಾತ್ರ ನನ್ನೆದುರೇ ಕಡಲೆಕಾಯಿ ಚಟ್ನಿಯನ್ನು ಬೆರಳು ನೆಕ್ಕಿ ತಿನ್ನುತ್ತಿದ್ದ.

ಒಂದೇ ಒಂದು ಸಲ ಕದ್ದು ತಿಂದೆ. ಹಲಸೂರು ಕೆರೆಯ ಹತ್ತಿರ ತಳ್ಳುಗಾಡಿಯಲ್ಲಿ ಬೇಯಿಸಿದ ಕಡಲೆಕಾಯಿ ಹಬೆಯಾಡುತ್ತಿತ್ತು. ನಿಂತಲ್ಲೇ ಒಂದು ಪೊಟ್ಟಣ ಮುಗಿಸಿ, ಸೋಂಪು ಅಗಿದು, ಬಾಯಿ ಮುಕ್ಕಳಿಸಿ ಮನೆಗೆ ಹೋದೆ. ಮೂವತ್ತು ವರ್ಷದ ಹೆಂಗಸು, ಬೀಡಿ ಸೇದಿದ ಹೈಸ್ಕೂಲು ಹುಡುಗನ ಹಾಗೆ.

ಮಗಳು ಹುಟ್ಟಿ ಎರಡು ತಿಂಗಳಿಗೆ ಅವಳ ಕೆನ್ನೆ ಕೆಂಪಾಗಿ ಬಿರಿಯಿತು. ಮೊಣಕೈ ಮಡಿಕೆಯಲ್ಲಿ ರಸಿಕೆ, ಅದರ ಮೇಲೆ ಹಳದಿ ಹಕ್ಕಳೆ. ನೋಡಲು ಬಂದವರು ಮಗುವಿನ ಮುಖ ನೋಡಿ, ಆಮೇಲೆ ನನ್ನ ಬಾಯಿ ನೋಡುತ್ತಿದ್ದರು. ಅತ್ತೆ ನೇರವಾಗಿಯೇ ಕೇಳಿದರು. "ನಿಜ ಹೇಳು, ತಿಂದ್ಯಾ?"

ಇಲ್ಲ ಅಂದೆ. ಅಂದಿನಿಂದ ಆ ಒಂದು ಪೊಟ್ಟಣ ನನ್ನ ನಿದ್ದೆ ಕೆಡಿಸಿತು. ಮಗು ಕೆರೆದುಕೊಂಡಾಗಲೆಲ್ಲ ನನ್ನ ನಾಲಿಗೆ ಕಿತ್ತುಹಾಕಬೇಕೆನ್ನಿಸುತ್ತಿತ್ತು.

ಬಿರಿದ ಚರ್ಮಕ್ಕೆ ಅತ್ತೆ ಗಾಣದ ಎಣ್ಣೆ ತರಿಸಿದರು. ಬೆಚ್ಚಗೆ ಮಾಡಿ ದಿನಾ ಬೆಳಿಗ್ಗೆ ಕಾಲ ಮೇಲೆ ಮಲಗಿಸಿಕೊಂಡು ತಿಕ್ಕುತ್ತಿದ್ದರು. ರಜೆ ಮುಗಿಸಿ ನಾನು ಕೆಲಸಕ್ಕೆ ಸೇರಿದ ಮೇಲೆ ಶನಿವಾರ, ಭಾನುವಾರ ನನ್ನ ಸರದಿ. ಅದು ಕಡಲೆಕಾಯಿ ಎಣ್ಣೆ. ಆರು ತಿಂಗಳು ಕಡಲೆಕಾಯಿಯ ವಾಸನೆ ಹುಡುಕಿದ ಆ ಮೂಗಿಗೂ ಅದು ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬಾಯಿಗೆ ಹೋದರೆ ತಾನೇ ಆಪತ್ತು!

ಹತ್ತನೇ ತಿಂಗಳಲ್ಲಿ ಕಗ್ಗದಾಸಪುರದ ನನ್ನ ಅಣ್ಣನ ಮನೆಯಲ್ಲಿ ಮಗು ನನ್ನ ತಟ್ಟೆಗೆ ಕೈ ಹಾಕಿ ಕಡಲೆಕಾಯಿ ಚಟ್ನಿ ಚೀಪಿತು. ಕ್ಷಣದಲ್ಲಿ ತುಟಿ ಊದಿ, ಮೈಯೆಲ್ಲ ದದ್ದು. ಹತ್ತಿರದ ಆಸ್ಪತ್ರೆಗೆ ಓಡಿದೆವು, ಬದುಕಿತು. ಆಮೇಲೆ ಪುಲಿಕೇಶಿನಗರದ ಮಕ್ಕಳ ಡಾಕ್ಟರ ಮುಂದೆ ಕೂತು ನನ್ನ ಕಳ್ಳತಿಂಡಿಯ ಕಥೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

"ಬಸುರಿನಲ್ಲಿ ನೀವು ತಿಂದಿದ್ದಕ್ಕೆ ಹೀಗಾಯ್ತು ಅನ್ನೋಕೆ ಆಗಲ್ಲಮ್ಮ. ಮೈಗೆ ಏನು ಹಚ್ತೀರಾ?" ಎಂದರು.

ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು. ಬಿರಿದ ಚರ್ಮದ ಮೂಲಕ ಒಳಹೋದ ಆಹಾರವನ್ನು ಮೈ ವೈರಿ ಎಂದುಕೊಳ್ಳುವುದುಂಟು, ಈ ಮಗುವಿಗೆ ಅದರಿಂದಲೇ ಆಯಿತೆಂದು ಖಚಿತವಾಗಿ ಹೇಳಲಾರೆ, ಎಣ್ಣೆ ಮಾತ್ರ ಇವತ್ತೇ ನಿಲ್ಲಿಸಿ ಎಂದರು.

ಆಟೋದಲ್ಲಿ ಬರುವಾಗ ನನಗೆ ಅಳು ಬರಲಿಲ್ಲ, ಖುಷಿಯಾಯಿತು. ಹೇಳಲೂ ಅಸಹ್ಯವಾಗುತ್ತದೆ, ಮಗುವಿಗೆ ಇನ್ನೆಷ್ಟು ವರ್ಷ ಈ ಕಾಟವೋ ಗೊತ್ತಿಲ್ಲ, ನನಗೆ ಖುಷಿ. ಡಾಕ್ಟರು ಏನಂದರು ಎಂದು ಅತ್ತೆ ಮನೆ ಬಾಗಿಲಲ್ಲೇ ಕೇಳಿದರು. ಎದುರುಮನೆಯವರೂ ನಿಂತಿದ್ದರು.

"ನಾನು ತಿಂದಿದ್ದಲ್ವಂತೆ. ನೀವು ಹಚ್ಚಿದ್ದಂತೆ."

ಅತ್ತೆ ತಮ್ಮ ಅಂಗೈ ನೋಡಿಕೊಂಡರು. ಒಳಗೆ ಹೋಗಿ ಸೋಪು ಹಚ್ಚಿ ಕೈ ತೊಳೆದರು, ಮತ್ತೆ ತೊಳೆದರು. ಮಗು ಎತ್ತಿಕೋ ಎಂದು ಕೈ ಚಾಚಿದರೆ ಹಿಂದೆ ಸರಿದರು. ಈಗ ಮಗಳಿಗೆ ಮೂರು ವರ್ಷ, ಅಜ್ಜಿ ಅವಳನ್ನು ಮುಟ್ಟುವುದಿಲ್ಲ. ಡಾಕ್ಟರು ಖಚಿತವಿಲ್ಲ ಅಂದದ್ದನ್ನೂ, ಶನಿವಾರ ಭಾನುವಾರ ತಿಕ್ಕಿದ್ದು ನನ್ನ ಕೈ ಎನ್ನುವುದನ್ನೂ ನಾನು ಇವತ್ತಿನವರೆಗೂ ಅವರೆದುರು ಎತ್ತಿಲ್ಲ.